ಆಫ್ರಿಕಾದ ಪಾಠಕ್ಕೆ ದೊರೆಗಳ ವೈಭವ ಸಾಲದು, ವ್ಯಾಪಾರದ ಲೆಕ್ಕ ಬೇಕು: ಪಠ್ಯಪುಸ್ತಕ ಬರೆಯುವವರಿಗೊಂದು ಬಹಿರಂಗ ಪತ್ರ

ಪ್ರೌಢಶಾಲೆಯ ಸಮಾಜ ವಿಜ್ಞಾನ ಪಠ್ಯ ರಚಿಸುವ ಸಮಿತಿಗಳ ಅಧ್ಯಕ್ಷರು ಹಾಗೂ ಸದಸ್ಯರಿಗೆ,

ಮಾನ್ಯರೇ,

ಯುರೋಪಿಯನ್ನರು ಕಾಲಿಡುವ ಮೊದಲಿನ ಆಫ್ರಿಕಾದ ಬಗ್ಗೆ ನಮ್ಮ ಮಕ್ಕಳಿಗೆ ಒಂದು ಪೂರ್ಣ ಪಾಠ ಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇವೆ. ಶಾಲೆಯ ಚರಿತ್ರೆಯಲ್ಲಿ ಆಫ್ರಿಕಾ ಸಾಮಾನ್ಯವಾಗಿ ಎರಡೇ ಕಡೆ ಎದುರಾಗುತ್ತದೆ. ಒಂದು ಈಜಿಪ್ಟಿನ ಪಿರಮಿಡ್ಡುಗಳಲ್ಲಿ, ಇನ್ನೊಂದು ಗುಲಾಮರನ್ನು ತುಂಬಿಕೊಂಡ ಹಡಗುಗಳಲ್ಲಿ. ನಡುವಿನ ಸಾವಿರಾರು ವರ್ಷ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗದಲ್ಲಿ ‘ಕಗ್ಗತ್ತಲೆಯ ಖಂಡ’ ಎಂಬ ಹಳೆಯ ಹಣೆಪಟ್ಟಿ ತಾನಾಗಿಯೇ ಬಂದು ಕೂರುತ್ತದೆ.

ಇತ್ತೀಚೆಗೆ ಈ ಖಾಲಿ ಜಾಗ ತುಂಬಲು ಒಂದು ಸುಲಭದ ದಾರಿ ಸಿಕ್ಕಿದೆ. ಮಾಲಿಯ ದೊರೆ ಮಾನ್ಸಾ ಮೂಸಾನ ಚಿತ್ರ ಹಾಕಿ ‘ಜಗತ್ತು ಕಂಡ ಅತಿ ಶ್ರೀಮಂತ’ ಎಂದು ಬರೆದು ಕೈತೊಳೆದುಕೊಳ್ಳುವುದು. ಇದರಿಂದಲೂ ಮಕ್ಕಳಿಗೆ ಪ್ರಯೋಜನವಿಲ್ಲ. ಕತ್ತಲೆಯ ಬದಲು ಝಗಮಗ ತೋರಿಸಿದಂತಾಯಿತು, ಅಷ್ಟೆ. ಆ ಚಿನ್ನವನ್ನು ಅಗೆದವರು ಯಾರು, ಹೊತ್ತವರು ಯಾರು, ಸುಂಕ ಎಷ್ಟಿತ್ತು, ದಾರಿಯಲ್ಲಿ ಏನು ಕೆಡುತ್ತಿತ್ತು, ಒಂದು ಊರು ಅಲ್ಲೇ ಏಕೆ ಬೆಳೆಯಿತು ಎಂಬುದು ತಿಳಿದಾಗ ಮಾತ್ರ ಅಲ್ಲಿನವರೂ ಲೆಕ್ಕ ಹಾಕಿ ಬದುಕಿದ ಜನ ಎಂದು ಮಗುವಿಗೆ ಮನವರಿಕೆಯಾಗುತ್ತದೆ. ಅಂಥ ಪಾಠಕ್ಕೆ ಬೇಕಾದ ಸಾಮಗ್ರಿ ಧಾರಾಳವಾಗಿದೆ. ಇಡೀ ಖಂಡವನ್ನು ಒಂದೇ ಪಾಠಕ್ಕೆ ತುರುಕುವ ಅಗತ್ಯವಿಲ್ಲ. ಸಹಾರಾ ಮರುಭೂಮಿಯ ವ್ಯಾಪಾರ, ಪೂರ್ವ ಕರಾವಳಿಯ ವ್ಯಾಪಾರ ಇವೆರಡನ್ನು ಸರಿಯಾಗಿ ಹೇಳಿದರೆ ಸಾಕು.

ಸಹಾರಾದ ವ್ಯಾಪಾರವನ್ನು ‘ಉಪ್ಪು ಕೊಟ್ಟು ಚಿನ್ನ ತಂದರು’ ಎಂಬ ಒಂದು ಸಾಲಿನಲ್ಲಿ ಮುಗಿಸುವುದು ರೂಢಿ. ಉಪ್ಪಿಗೆ ಯಾರಾದರೂ ಚಿನ್ನ ಕೊಡುತ್ತಾರೆಯೇ ಎಂದು ಮಗು ಕೇಳಿಯೇ ಕೇಳುತ್ತದೆ. ಉತ್ತರ ಪುಸ್ತಕದಲ್ಲೇ ಇರಬೇಕು. ಸೆನೆಗಲ್ ಮತ್ತು ನೈಜರ್ ನದಿಗಳ ಮೇಲ್ಭಾಗದ ಬಂಬುಕ್, ಬೂರೆ ಸೀಮೆಗಳ ಹೊಳೆಮಣ್ಣಿನಲ್ಲಿ ಚಿನ್ನದ ಪುಡಿ ಇದೆ. ಮಳೆಗಾಲ ಕಳೆದು ಹೊಲದ ಕೆಲಸ ಇಳಿದ ಮೇಲೆ ಜನ ಗುಂಡಿ ತೋಡಿ ಮಣ್ಣು ಎತ್ತುತ್ತಿದ್ದರು. ಆ ಮಣ್ಣನ್ನು ಸೋರೆಬುರುಡೆಯಲ್ಲಿ ನೀರು ಹಾಕಿ ಜಾಲಿಸಿ ಚಿನ್ನ ಬೇರ್ಪಡಿಸುತ್ತಿದ್ದರು. ನಮ್ಮ ಕಪ್ಪತಗುಡ್ಡದ ಜಾಲಗಾರರು ಹಳ್ಳದ ಮರಳಿನಲ್ಲಿ ಮಾಡುತ್ತಿದ್ದ ಕೆಲಸವೇ ಅದು. ಆದರೆ ಆ ಸೀಮೆಯಲ್ಲಿ ಉಪ್ಪಿನ ಗಣಿಯಿಲ್ಲ, ಸಮುದ್ರ ದೂರ. ಸುಡುಬಿಸಿಲಿನಲ್ಲಿ ಬೆವರು ಹರಿಸಿ ದುಡಿಯುವ ಮೈಗೂ ಉಪ್ಪು ಬೇಕು, ದನಕರುಗಳಿಗೂ ಬೇಕು. ಉಪ್ಪಿನ ಗಣಿಗಳಿದ್ದದ್ದು ಉತ್ತರದ ಮರುಭೂಮಿಯ ನಡುವೆ, ಒಂದು ಗಿಡವೂ ಬೆಳೆಯದ ಜಾಗದಲ್ಲಿ.

ಆ ಜಾಗವನ್ನು ಕಣ್ಣಾರೆ ಕಂಡು ಬರೆದವರಿದ್ದಾರೆ. 1352ರ ಫೆಬ್ರವರಿಯಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ತನ್ನ ನಾಡಿನ ಸಿಜಿಲ್ಮಾಸಾದಿಂದ ವರ್ತಕರ ಒಂಟೆಸಾಲಿನೊಂದಿಗೆ ಹೊರಟು 25 ದಿನಕ್ಕೆ ತಗಾಝಾ ಎಂಬ ಊರು ಮುಟ್ಟಿದ. ಮನೆ, ಮಸೀದಿಗಳ ಗೋಡೆಗಳು ಉಪ್ಪಿನ ಗಟ್ಟಿಗಳವು, ಮಾಡು ಒಂಟೆ ಚರ್ಮದ್ದು. ನೆಲ ಅಗೆದರೆ ಉಪ್ಪು ದಪ್ಪ ಹಲಗೆಗಳಾಗಿ, ಒಂದರ ಮೇಲೊಂದು ಕೂತಂತೆ ಸಿಗುತ್ತಿತ್ತು. ಒಂದು ಒಂಟೆಗೆ ಎರಡು ಹಲಗೆ, ಬೆನ್ನಿನ ಎರಡೂ ಮಗ್ಗುಲಿಗೆ ಒಂದೊಂದು. ಊರಲ್ಲಿ ಏನೂ ಬೆಳೆಯದ ಕಾರಣ ಗಣಿಯಾಳುಗಳು ಹೊರಗಿನಿಂದ ಬಂದ ಖರ್ಜೂರ, ಒಂಟೆ ಮಾಂಸ, ದಕ್ಷಿಣದಿಂದ ಬಂದ ಸಿರಿಧಾನ್ಯದಿಂದ ಬದುಕುತ್ತಿದ್ದರು. ಅವರೆಲ್ಲ ಮಸೂಫಾ ಬುಡಕಟ್ಟಿನವರ ಗುಲಾಮರು. ಈ ಸಂಗತಿಯನ್ನು ಪಾಠದಲ್ಲಿ ಮುಚ್ಚಿಡಬಾರದು.

ಬೆಲೆಗಳನ್ನೂ ಅವನು ಬರೆದಿಟ್ಟಿದ್ದಾನೆ. ಒಂದು ಒಂಟೆಹೇರು ಉಪ್ಪಿಗೆ ಮರುಭೂಮಿಯ ದಕ್ಷಿಣದಂಚಿನ ವಲಾಟಾ ಪಟ್ಟಣದಲ್ಲಿ 8ರಿಂದ 10 ಮಿತ್ಕಾಲ್ ಚಿನ್ನ. ಅದೇ ಹೇರು ಮಾಲಿಯ ರಾಜಧಾನಿಗೆ ಹೋದರೆ 20ರಿಂದ 30, ಕೆಲವೊಮ್ಮೆ 40. ಒಂದು ಮಿತ್ಕಾಲ್ ಎಂದರೆ ಸುಮಾರು 4.25 ಗ್ರಾಂ. ಈ ಮೂರು ಅಂಕಿಗಳನ್ನು ಪಾಠದಲ್ಲಿ ಕೊಟ್ಟರೆ ಲಾಭ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಎಂಟನೇ ತರಗತಿಯ ಮಗು ತಾನೇ ಕಂಡುಕೊಳ್ಳುತ್ತದೆ. ಉಪ್ಪು ಅದೇ, ದಾರಿ ಉದ್ದವಾದಂತೆ ಬೆಲೆ ಏರುತ್ತದೆ. ಉಪ್ಪಿನ ಚೂರುಗಳನ್ನೇ ಹಣದಂತೆ ಚಲಾಯಿಸುತ್ತಿದ್ದರು ಎಂದೂ ಅವನು ಹೇಳುತ್ತಾನೆ.

ಇನ್ನು ಅಪಾಯದ ಲೆಕ್ಕ. ತಗಾಝಾ ದಾಟಿದ ಮೇಲೆ ಹತ್ತು ದಿನದ ದಾರಿಯಲ್ಲಿ ನೀರು ಸಿಗುವುದೇ ಅಪರೂಪ. ಮುಂದೆ ತಾಸರಹ್ಲಾ ಎಂಬ ಬಾವಿಗಳ ಬಳಿ ಮೂರು ದಿನ ತಂಗಿ, ತೊಗಲಿನ ನೀರ್‌ಚೀಲಗಳನ್ನು ಹೊಲಿದು, ನೀರು ತುಂಬಿ, ಗಾಳಿಗೆ ಆರದಂತೆ ಮೇಲೆ ಗೋಣಿತಟ್ಟು ಹೊದಿಸಿ ಕಟ್ಟುತ್ತಿದ್ದರು. ಅಲ್ಲಿಂದ ‘ತಕ್‌ಶೀಫ್’ ಎಂಬ ಒಬ್ಬನನ್ನು ಮುಂದಾಗಿ ಕಳಿಸುವ ಪದ್ಧತಿ. ಅವನು ವರ್ತಕರ ಪತ್ರ ಹಿಡಿದು ಒಬ್ಬನೇ ವಲಾಟಾಕ್ಕೆ ಹೋಗಬೇಕು. ಪತ್ರ ತಲುಪಿದರೆ ಊರಿನವರು ನೀರು ಹೊತ್ತು ನಾಲ್ಕು ದಿನದ ದಾರಿ ಎದುರು ಬರುತ್ತಾರೆ. ಅವನು ದಾರಿ ತಪ್ಪಿ ಸತ್ತರೆ ಊರಿಗೆ ಸುದ್ದಿಯೇ ಇಲ್ಲ, ಹಿಂದೆ ಬರುವವರಲ್ಲಿ ಬಹುಪಾಲು ಜನ ಬಾಯಾರಿ ಸಾಯುತ್ತಾರೆ. ಆ ವರ್ಷ ತಕ್‌ಶೀಫನಿಗೆ ಕೊಟ್ಟ ಕೂಲಿ 100 ಮಿತ್ಕಾಲ್, ಅಂದರೆ 425 ಗ್ರಾಂ ಚಿನ್ನ. ವಲಾಟಾದ ಬೆಲೆಯಲ್ಲಿ ಕನಿಷ್ಠ ಹತ್ತು ಒಂಟೆಹೇರು ಉಪ್ಪಿನ ಹಣ ಒಬ್ಬನ ಕೈಗೆ. ಸಣ್ಣ ಒಂಟೆಸಾಲುಗಳಿಗೆ ಈ ಖರ್ಚು ಗಿಟ್ಟದು. ನೂರಾರು ಒಂಟೆಗಳು ಒಟ್ಟಾಗಿ ಹೊರಟಿದ್ದರ ಹಿಂದೆ ಕಳ್ಳರ ಭಯದ ಜೊತೆಗೆ ಈ ಗಣಿತವೂ ಇದ್ದೀತು ಎಂಬುದು ನಮ್ಮ ಅಭಿಪ್ರಾಯ.

ಒಂಟೆ ಎಲ್ಲಿಯವರೆಗೆ ಹೋಗುತ್ತಿತ್ತು ಎಂಬುದು ಪಾಠದ ಮುಖ್ಯ ಕೀಲಿ. ಅದು ಮರುಭೂಮಿಯ ದಕ್ಷಿಣದಂಚಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಕತ್ತೆ, ನದಿಯಿದ್ದರೆ ದೋಣಿ. ಇನ್ನೂ ದಕ್ಷಿಣಕ್ಕೆ ಕಾಡು ಶುರುವಾದಲ್ಲಿ ತ್ಸೆತ್ಸೆ ನೊಣ ಕಚ್ಚಿ ಕತ್ತೆ, ಕುದುರೆಗಳು ಸಾಯುತ್ತವೆ. ಅಲ್ಲಿ ಮನುಷ್ಯರ ತಲೆಹೊರೆಯೇ ಗತಿ. ಹೀಗೆ ಹೊರುವ ಬಗೆ ಬದಲಾಗುವ ಜಾಗಗಳಲ್ಲೆಲ್ಲ ಸರಕು ಇಳಿಸಬೇಕು, ಒಡೆಯಬೇಕು, ಅಳೆಯಬೇಕು, ದಾಸ್ತಾನು ಮಾಡಬೇಕು, ದಲ್ಲಾಳಿ ಬೇಕು, ಬರೆಯಬಲ್ಲವನು ಬೇಕು. ಟಿಂಬಕ್ಟೂ ಬೆಳೆದದ್ದು ಇಂಥ ಜಾಗದಲ್ಲಿ. ನೈಜರ್ ನದಿ ಉತ್ತರಕ್ಕೆ ಬಾಗಿ ಮರುಭೂಮಿಯನ್ನು ಸವರುವ ತಿರುವಿನಲ್ಲಿ ಅದರ ದೋಣಿಕಟ್ಟೆ ಕಬಾರಾ ಇದೆ. ಒಂಟೆಯ ಹೇರು ದೋಣಿಗೆ ಬದಲಾಗುವುದು ಅಲ್ಲಿ. ಟಿಂಬಕ್ಟೂವಿನ ಹಸ್ತಪ್ರತಿಗಳನ್ನು, ವಿದ್ವಾಂಸರನ್ನು ಹೊಗಳುವ ಮೊದಲು ಈ ತಿರುವನ್ನು ನಕ್ಷೆಯಲ್ಲಿ ತೋರಿಸಿ.

ರಾಜ್ಯಗಳ ಆದಾಯವೂ ಇದೇ ವ್ಯಾಪಾರದಿಂದ ಬಂದದ್ದು. ಘಾನಾ ರಾಜ್ಯದ ಸುಂಕದ ದರಪಟ್ಟಿಯನ್ನು ಸ್ಪೇನಿನ ಕಾರ್ಡೋಬಾದಲ್ಲಿ ಕುಳಿತು ಪ್ರಯಾಣಿಕರ ಮಾತು ಕೇಳಿ ಬರೆದ ಅಲ್-ಬಕ್ರಿ 1068ರಲ್ಲಿ ದಾಖಲಿಸಿದ್ದಾನೆ. ಒಳಬರುವ ಪ್ರತಿ ಕತ್ತೆಹೇರು ಉಪ್ಪಿಗೆ ಒಂದು ಚಿನ್ನದ ದಿನಾರು, ಹೊರಹೋಗುವಾಗ ಎರಡು. ತಾಮ್ರದ ಹೇರಿಗೆ 5 ಮಿತ್ಕಾಲ್, ಉಳಿದ ಸರಕಿನ ಹೇರಿಗೆ 10. ಹೊರಹೋಗುವ ಉಪ್ಪಿಗೆ ದುಪ್ಪಟ್ಟು ಏಕೆ ಎಂದು ತರಗತಿಯಲ್ಲಿ ಕೇಳಬೇಕು. ಅಲ್ಲಿಂದ ಮುಂದೆ ಅದು ಚಿನ್ನದ ಸೀಮೆಗೆ ಹೋಗುವ ಉಪ್ಪು, ಅದರ ಬೆಲೆ ಏರುವುದು ದೊರೆಗೆ ಗೊತ್ತು. ಅದಕ್ಕಿಂತ ಜಾಣತನದ ನಿಯಮ ಇನ್ನೊಂದಿದೆ. ಗಣಿಯಲ್ಲಿ ಸಿಕ್ಕ ಚಿನ್ನದ ಗಟ್ಟಿಯೆಲ್ಲ ದೊರೆಗೆ, ಪುಡಿ ಮಾತ್ರ ಜನಕ್ಕೆ. ಹಾಗೆ ಮಾಡದಿದ್ದರೆ ಚಿನ್ನ ವಿಪರೀತವಾಗಿ ಬೆಲೆ ಕಳೆದುಕೊಳ್ಳುತ್ತದೆ ಎಂದು ಕಾರಣವನ್ನೂ ಅಲ್-ಬಕ್ರಿ ಕೊಟ್ಟಿದ್ದಾನೆ. ಮಾರುಕಟ್ಟೆಗೆ ಬರುವ ಚಿನ್ನವನ್ನು ಹತೋಟಿಯಲ್ಲಿಡಬೇಕೆಂಬ ತಿಳಿವಳಿಕೆ ಹನ್ನೊಂದನೇ ಶತಮಾನದ ಆ ಆಸ್ಥಾನಕ್ಕಿತ್ತು.

ಅಲ್-ಬಕ್ರಿ ‘ಬೋಳು ದಿನಾರು’ಗಳ ಬಗ್ಗೆಯೂ ಬರೆದಿದ್ದಾನೆ. ತಾದ್ಮೆಕ್ಕಾ ಎಂಬ ವ್ಯಾಪಾರದ ಊರಿನಲ್ಲಿ ಅಚ್ಚಿಲ್ಲದ ಶುದ್ಧ ಚಿನ್ನದ ನಾಣ್ಯ ಮಾಡುತ್ತಿದ್ದರಂತೆ. ಬಹಳ ಕಾಲ ಇದು ಪ್ರಯಾಣಿಕರ ಬಾಯಿಮಾತು ಮಾತ್ರವಾಗಿತ್ತು. ಉತ್ತರ ಮಾಲಿಯ ಎಸ್ಸೂಕ್‌ನಲ್ಲಿ ಅದೇ ಊರಿನ ಉತ್ಖನನ ನಡೆದಾಗ ಸಾಲು ಸಾಲು ಕುಳಿಗಳಿರುವ ಜೇಡಿಮಣ್ಣಿನ ಅಚ್ಚುಗಳು ಸಿಕ್ಕವು. ಕುಳಿಗಳಲ್ಲಿ ಚಿನ್ನದ ಸಣ್ಣ ಹನಿಗಳು ಅಂಟಿಕೊಂಡಿದ್ದವು. ಕರಗಿದ ಗಾಜಿನ ತುಣುಕುಗಳಲ್ಲಿ ಚಿನ್ನ, ಖನಿಜದ ಕಣಗಳು ಸಿಕ್ಕಿಬಿದ್ದಿದ್ದವು. ಪುಡಿಚಿನ್ನದ ಜೊತೆ ಗಾಜಿನ ಪುಡಿ ಸೇರಿಸಿ ಕಾಯಿಸಿದರೆ ಮರಳು, ಖನಿಜದ ಕಶ್ಮಲವೆಲ್ಲ ಗಾಜಿಗೆ ಸೇರಿ ಚಿನ್ನ ಬೇರೆಯಾಗುತ್ತದೆ. ಚಿನ್ನ ಶುದ್ಧಿಯ ಈ ವಿಧಾನ ಅಲ್ಲಿನ ಅಕ್ಕಸಾಲಿಗರಿಗೆ ತಿಳಿದಿತ್ತು. ಇಂಥ ಒಂದು ಅಚ್ಚಿನ ಚಿತ್ರ ಪುಸ್ತಕದಲ್ಲಿದ್ದರೆ ಹತ್ತು ಸಿಂಹಾಸನಗಳ ಚಿತ್ರಕ್ಕಿಂತ ಮೇಲು.

ಮಾನ್ಸಾ ಮೂಸಾನನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಸರಿಯಾಗಿ ಹೇಳಿ. 1324ರಲ್ಲಿ ಹಜ್ ಯಾತ್ರೆಯ ದಾರಿಯಲ್ಲಿ ಅವನು ಕೈರೋದಲ್ಲಿ ಚಿನ್ನ ಹಂಚಿದ್ದರಿಂದ ‘ಈಜಿಪ್ಟಿನ ಆರ್ಥಿಕತೆ ನೆಲಕಚ್ಚಿತು’ ಎಂದು ಎಲ್ಲೆಡೆ ಬರೆಯುತ್ತಾರೆ. ಕೆಲ ವರ್ಷಗಳ ನಂತರ ಕೈರೋದಲ್ಲಿ ವಿಚಾರಿಸಿ ಬರೆದ ಅರಬ್ ಲೇಖಕ ಅಲ್-ಉಮರಿಯ ಅಂಕಿಯೇ ಬೇರೆ. ಮೊದಲು 25 ಬೆಳ್ಳಿ ದಿರ್ಹಮಿಗಿಂತ ಕೆಳಗಿಳಿಯದಿದ್ದ ಮಿತ್ಕಾಲ್, ಆಮೇಲೆ 22 ಅಥವಾ ಅದಕ್ಕೂ ಕಡಿಮೆಯಾಗಿ ಹನ್ನೆರಡು ವರ್ಷ ಹಾಗೇ ಉಳಿಯಿತು. ಅಂದರೆ ಶೇ. 12 ಅಥವಾ ತುಸು ಹೆಚ್ಚು ಇಳಿಕೆ. ಒಬ್ಬ ಯಾತ್ರಿಕನಿಂದ ಅಷ್ಟಾದದ್ದು ದೊಡ್ಡದೇ, ಆದರೆ ನೆಲಕಚ್ಚಿದ್ದಲ್ಲ. ಮರಳುವಾಗ ಕೈ ಖಾಲಿಯಾಗಿ ಅವನು ಈಜಿಪ್ಟಿನ ವರ್ತಕರಿಂದ ಸಾಲ ಪಡೆದದ್ದನ್ನೂ ಬರೆಯಿರಿ. ಇಂದಿನ ಡಾಲರುಗಳಲ್ಲಿ ಅವನ ಆಸ್ತಿ ಇಷ್ಟು ಎಂದು ಹೇಳುವ ಅಂಕಿಗಳಿಗೆ ಯಾವ ಆಧಾರವೂ ಇಲ್ಲ, ಅವು ಪುಸ್ತಕಕ್ಕೆ ಬರಬಾರದು.

ಇದೆಲ್ಲ ಓದಿ ‘ಅರಬರು ಬಂದ ಮೇಲೆ ಆಫ್ರಿಕಾದಲ್ಲಿ ಪಟ್ಟಣಗಳು ಹುಟ್ಟಿದವು’ ಎಂದು ಮಗು ತಿಳಿಯುವ ಅಪಾಯವಿದೆ. ಅದನ್ನು ತಡೆಯಲು ಜೆನ್ನೆ-ಜೆನೊ ಎಂಬ ಒಂದೇ ಉದಾಹರಣೆ ಸಾಕು. ಮಾಲಿಯ ನೈಜರ್ ನದಿಬಯಲಿನ ಈ ದಿಬ್ಬವನ್ನು 1977ರಿಂದ ಅಗೆದು ನೋಡಿದ್ದಾರೆ. ಕ್ರಿ.ಪೂ. 250ರ ಸುಮಾರಿಗೆ ಜನ ಅಲ್ಲಿ ನೆಲೆಸಿದರು, ಕ್ರಿ.ಶ. 800ರ ಹೊತ್ತಿಗೆ ಅದು 33 ಹೆಕ್ಟೇರಿನ ಪಟ್ಟಣ, ಸುತ್ತ ಎರಡು ಕಿಲೋಮೀಟರ್ ಉದ್ದದ ಗೋಡೆ. ಆ ಬಯಲಿನಲ್ಲಿ ಕಲ್ಲೂ ಇಲ್ಲ, ಲೋಹದ ಅದಿರೂ ಇಲ್ಲ. ಬೀಸುವ ಕಲ್ಲು, ಕಬ್ಬಿಣ ಹೊರಗಿನಿಂದ ಬಂದವು, ತಾಮ್ರ ನೂರಾರು ಕಿಲೋಮೀಟರ್ ದೂರದಿಂದ ಬಂತು. ಬಯಲಿನಲ್ಲಿ ಇದ್ದದ್ದು ಆಫ್ರಿಕಾದ್ದೇ ಆದ ಭತ್ತದ ತಳಿ ಮತ್ತು ಮೀನು. ಇಸ್ಲಾಂ ಹುಟ್ಟುವ ಮೊದಲೇ ಅಲ್ಲಿ ದೂರದ ವಿನಿಮಯ ನಡೆದಿತ್ತು. ಅರಬ್ ವರ್ತಕರು ಬಂದು ಸೇರಿಕೊಂಡದ್ದು ಮೊದಲೇ ಓಡುತ್ತಿದ್ದ ವ್ಯಾಪಾರಕ್ಕೆ.

ಈಗ ಪೂರ್ವದ ಕಡಲಿಗೆ ಬರೋಣ. ಇದು ನಮ್ಮ ಕರಾವಳಿಯೂ ಪಾಲುದಾರವಾಗಿರುವ ಕಡಲು. ನವೆಂಬರಿನಿಂದ ಮಾರ್ಚ್‌ವರೆಗೆ ಗಾಳಿ ಈಶಾನ್ಯದಿಂದ ಬೀಸುತ್ತದೆ, ಭಾರತ, ಅರೇಬಿಯಾಗಳಿಂದ ಹೊರಟ ಹಡಗು ಆಫ್ರಿಕಾ ಮುಟ್ಟುತ್ತದೆ. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯದಿಂದ ಬೀಸುತ್ತದೆ, ಹಡಗು ಮರಳುತ್ತದೆ. ನಡುವೆ ಜೂನ್, ಜುಲೈಗಳಲ್ಲಿ ಕಡಲು ಹುಚ್ಚೆದ್ದಿರುವಾಗ ಯಾರೂ ಹೊರಡುವುದಿಲ್ಲ. ಆಫ್ರಿಕಾದ ಪೂರ್ವ ಕರಾವಳಿಯ ಸ್ವಾಹಿಲಿ ನಾವಿಕರು ಮೊದಲನೆಯ ಗಾಳಿಯನ್ನು ಕಸ್ಕಾಝಿ, ಎರಡನೆಯದನ್ನು ಕೂಸಿ ಎನ್ನುತ್ತಾರೆ.

ಗಾಳಿಯ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ವಾಸ್ಕೋ ಡ ಗಾಮನ ಯಾನದ ದಿನಚರಿಗಿಂತ ಒಳ್ಳೆಯ ಪಾಠವಿಲ್ಲ. ಅವನು 1498ರ ಏಪ್ರಿಲ್ 24ರಂದು ಇಂದಿನ ಕೀನ್ಯಾದ ಮಲಿಂದಿಯಿಂದ ಹೊರಟ. ದಾರಿ ಬಲ್ಲ ನಾವಿಕನೊಬ್ಬನನ್ನು ಮಲಿಂದಿಯ ಸುಲ್ತಾನನೇ ಕೊಟ್ಟಿದ್ದ. ಗಾಳಿ ಅನುಕೂಲವಾಗಿತ್ತು. 23 ದಿನ ಕಡಲು ದಾಟಿ ಮಲಬಾರಿನ ಬೆಟ್ಟಗಳನ್ನು ಕಂಡ, ಮೇ 20ರಂದು ಕಲ್ಲಿಕೋಟೆ ಮುಟ್ಟಿದ. ಮರಳುವಾಗ ಕಾರವಾರದ ಹತ್ತಿರದ ಅಂಜದೀವ ದ್ವೀಪದಿಂದ ಅಕ್ಟೋಬರ್ 5ರಂದು, ಈಶಾನ್ಯದ ಗಾಳಿ ಸ್ಥಿರಗೊಳ್ಳುವ ಮೊದಲೇ ಹೊರಟುಬಿಟ್ಟ. ಗಾಳಿಯಿಲ್ಲದೆ, ಇದ್ದಾಗ ಎದುರುಗಾಳಿಯಾಗಿ, ಅದೇ ಕಡಲಿಗೆ ಮೂರು ತಿಂಗಳು ಹಿಡಿಯಿತು. ಒಸಡು ಬಾತುಕೊಳ್ಳುವ ಸ್ಕರ್ವಿ ರೋಗಕ್ಕೆ ಆ ದಾಟುವಿಕೆಯಲ್ಲಿ 30 ಮಂದಿ ಸತ್ತರು, ಪ್ರತಿ ಹಡಗಿನಲ್ಲಿ ಕೆಲಸಕ್ಕೆ ಉಳಿದವರು ಏಳೆಂಟು ಜನ. ಆಳು ಸಾಲದೆ ಒಂದು ಹಡಗನ್ನು ಆಫ್ರಿಕಾದ ತೀರದಲ್ಲೇ ಸುಟ್ಟುಹಾಕಬೇಕಾಯಿತು. ನಮ್ಮ ಪುಸ್ತಕಗಳು ‘ಭಾರತಕ್ಕೆ ಜಲಮಾರ್ಗ ಕಂಡುಹಿಡಿದ’ ಎಂದು ಬರೆಯುವಾಗ ಈ 23 ದಿನ ಮತ್ತು ಮೂರು ತಿಂಗಳುಗಳನ್ನು ಪಕ್ಕಪಕ್ಕದಲ್ಲಿ ಕೊಡಬೇಕು. ಆಫ್ರಿಕಾದ ಪೂರ್ವ ಕರಾವಳಿಯಿಂದ ಭಾರತಕ್ಕೆ ಬರುವ ದಾರಿ, ಹೊರಡುವ ತಿಂಗಳು ಎರಡೂ ಮಲಿಂದಿಯ ಬಂದರಿನಲ್ಲಿ ಎಲ್ಲರಿಗೂ ತಿಳಿದ ವಿಷಯವಾಗಿದ್ದವು.

ಇದೇ ಗಾಳಿ ಕಿಲ್ವಾ ಎಂಬ ಬಂದರಿನ ಏಳಿಗೆಯನ್ನೂ ವಿವರಿಸುತ್ತದೆ. ಗುಜರಾತಿನಿಂದಲೋ ಏಡನ್ನಿನಿಂದಲೋ ಹೊರಟ ಹಡಗು ಮೊಗದಿಶು, ಮಲಿಂದಿಗಳಿಗೆ ಬಂದು ಅದೇ ವರ್ಷ ಮರಳಬಹುದು. ಚಿನ್ನ ಸಿಗುವ ಸೋಫಾಲಾ ಬಂದರು ಇಂದಿನ ಮೊಜಾಂಬಿಕ್‌ನಲ್ಲಿ, ಇನ್ನೂ ಬಹಳ ದಕ್ಷಿಣಕ್ಕಿದೆ. ಅಲ್ಲಿಗೆ ಹೋದರೆ ಗಾಳಿ ಕೈಕೊಟ್ಟು ಇಡೀ ವರ್ಷ ಅಲ್ಲೇ ಕೂರಬೇಕಾಗುತ್ತದೆ. ಇಂದಿನ ತಾಂಜಾನಿಯಾದ ಕಿಲ್ವಾ ದ್ವೀಪ ಈ ಎರಡರ ನಡುವಿನ ಜಾಗ. ಕಿಲ್ವಾದವರೇ ತಮ್ಮ ದೋಣಿಗಳಲ್ಲಿ ಸೋಫಾಲಾದಿಂದ ಚಿನ್ನ, ದಂತ ತಂದಿಟ್ಟುಕೊಂಡು ಉತ್ತರದಿಂದ ಬರುವವರಿಗೆ ಮಾರುತ್ತಿದ್ದರು. 1331ರಲ್ಲಿ ಇಬ್ನ್ ಬತೂತಾ ಅಲ್ಲಿಗೆ ಹೋದಾಗ ಸೋಫಾಲಾ ಅರ್ಧ ತಿಂಗಳ ದಾರಿ ಎಂದು ವರ್ತಕನೊಬ್ಬ ಹೇಳಿದ್ದನ್ನು ಬರೆದುಕೊಂಡಿದ್ದಾನೆ.

ಅದೇ ಕಾಲದ ಸುಲ್ತಾನ ಅಲ್-ಹಸನ್ ಇಬ್ನ್ ಸುಲೈಮಾನ್ ಕಟ್ಟಿಸಿದ ಹುಸೂನಿ ಕುಬ್ವಾ ಅರಮನೆಯಲ್ಲಿ ನೂರಕ್ಕೂ ಹೆಚ್ಚು ಕೋಣೆಗಳು, ಎಂಟು ಮೂಲೆಯ ಸ್ನಾನದ ಕೊಳ ಇವೆ. ಅದರ ಕಟ್ಟುವ ಕ್ರಮವನ್ನು ಹತ್ತಿರದಿಂದ ನೋಡುವುದು ಲೇಸು. ಗೋಡೆಗೆ ತೀರದ ಹಳೆಯ ಹವಳದ ಕಲ್ಲು. ಬಾಗಿಲ ಚೌಕಟ್ಟು, ಕಮಾನುಗಳಂಥ ನಯದ ಕೆಲಸಕ್ಕೆ ಕಡಲಿನೊಳಗಿಂದ ಜೀವಂತ ಹವಳವನ್ನೇ ಕೊಯ್ದು ತರುತ್ತಿದ್ದರು. ಹಸಿಯಾಗಿರುವಾಗ ಅದು ಮೆತ್ತಗಿರುತ್ತದೆ, ಕೆತ್ತಬಹುದು. ಗಾಳಿಗೆ ಒಣಗಿದಂತೆ ಗಟ್ಟಿಯಾಗುತ್ತದೆ. ಗಾರೆಗೆ ಬೇಕಾದ ಸುಣ್ಣಕ್ಕೂ ಹವಳವನ್ನೇ ಸುಡುತ್ತಿದ್ದರು. ಮಾಡಿಗೆ ಮ್ಯಾಂಗ್ರೋವ್ ಮರದ ಗಳುಗಳು. ಈ ಗಳು ಎರಡೂವರೆ, ಮೂರು ಮೀಟರಿಗಿಂತ ಹೆಚ್ಚಿನ ಅಗಲಕ್ಕೆ ಭಾರ ತಡೆಯುವುದಿಲ್ಲ. ಆದ್ದರಿಂದ ಸ್ವಾಹಿಲಿ ಊರುಗಳ ಕಲ್ಲುಮನೆಗಳ ಕೋಣೆಗಳೆಲ್ಲ ಉದ್ದವಾಗಿ, ಕಿರಿದಾಗಿ ಇರುತ್ತವೆ. ಸಿರಿವಂತನ ಮನೆಯಲ್ಲಿ ಕೋಣೆಗಳ ಸಂಖ್ಯೆ ಹೆಚ್ಚುತ್ತದೆ, ಅಗಲ ಹೆಚ್ಚುವುದಿಲ್ಲ.

ಇವರ ದೋಣಿಗಳನ್ನು ಹಲಗೆಗೆ ಹಲಗೆ ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟುತ್ತಿದ್ದರು. ಕ್ರಿ.ಶ. 1ನೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯೇ ಈ ಕರಾವಳಿಯ ಹೊಲಿದ ದೋಣಿಗಳನ್ನೂ, ಅಲ್ಲಿನ ದಂತ, ಆಮೆಚಿಪ್ಪಿನ ರಫ್ತನ್ನೂ ಹೆಸರಿಸುತ್ತದೆ. ಹತ್ತನೇ ಶತಮಾನದ ಅರಬ್ ಲೇಖಕ ಅಲ್-ಮಸೂದಿಯ ಪ್ರಕಾರ ಇಲ್ಲಿನ ಆನೆದಂತ ಒಮಾನಿನ ಮೂಲಕ ಭಾರತಕ್ಕೂ ಚೀನಾಕ್ಕೂ ಹೋಗುತ್ತಿತ್ತು. ಭಾರತದಲ್ಲಿ ಅದರಿಂದ ಕತ್ತಿ, ಕಠಾರಿಗಳ ಹಿಡಿ, ಚದುರಂಗದ ಕಾಯಿ ಮಾಡುತ್ತಿದ್ದರು. ಆನೆಗಳಿರುವ ಭಾರತ ದಂತವನ್ನು ಹೊರಗಿಂದ ಏಕೆ ತರಿಸಿತು ಎಂದರೆ, ನಮ್ಮಲ್ಲಿ ಹೆಣ್ಣಾನೆಗೆ ಉದ್ದ ದಂತವಿಲ್ಲ. ಆಫ್ರಿಕಾದ ಆನೆಗಳಲ್ಲಿ ಹೆಣ್ಣಿಗೂ ಗಂಡಿಗೂ ಇದೆ, ದೊಡ್ಡದೂ ಹೌದು, ಕೆತ್ತನೆಗೆ ಮೆತ್ತಗೂ ಹೌದು. ಹನ್ನೆರಡನೇ ಶತಮಾನದ ಭೂಗೋಳಕಾರ ಅಲ್-ಇದ್ರೀಸಿ ಸೋಫಾಲಾದ ಕಬ್ಬಿಣ ಭಾರತಕ್ಕೆ ಹೋಗುತ್ತಿತ್ತು ಎಂದು ಬರೆದಿದ್ದಾನೆ. ಇಲ್ಲಿಂದ ಹೋಗುತ್ತಿದ್ದದ್ದು ಹತ್ತಿ ಬಟ್ಟೆ ಮತ್ತು ಗಾಜಿನ ಮಣಿ.

ಈ ಮಣಿಗಳ ವಿಷಯದಲ್ಲಿ ಪಾಠಗಳು ಎಡವುವುದೇ ಹೆಚ್ಚು. ‘ಗಾಜಿನ ಮಣಿಗೆ ಮರುಳಾಗಿ ಚಿನ್ನ ಕೊಟ್ಟರು’ ಎಂಬ ಧಾಟಿ ಬಂದುಬಿಡುತ್ತದೆ. ದಕ್ಷಿಣ ಆಫ್ರಿಕಾದ ಲಿಂಪೋಪೋ ನದಿಯ ಬಳಿಯ ಕೆ2 ಎಂಬ ನೆಲೆಯಲ್ಲಿ, ಸುಮಾರು 1000ದಿಂದ 1220ರ ನಡುವೆ, ಜನ ಹೊರಗಿನಿಂದ ಬಂದ ಸಣ್ಣ ಮಣಿಗಳನ್ನು ಕರಗಿಸಿ, ಜೇಡಿಮಣ್ಣಿನ ಅಚ್ಚಿನಲ್ಲಿ ತಮಗೆ ಬೇಕಾದ ದಪ್ಪ ಮಣಿಗಳನ್ನು ಮಾಡಿಕೊಳ್ಳುತ್ತಿದ್ದರು. ಅಚ್ಚುಗಳ ತುಂಡುಗಳೂ ಸಿಕ್ಕಿವೆ. ನೈಜೀರಿಯಾದ ಇಫೆಯಲ್ಲಂತೂ ಸ್ಥಳೀಯ ಕಚ್ಚಾವಸ್ತುವಿನಿಂದಲೇ ಗಾಜು ತಯಾರಾಗುತ್ತಿತ್ತು. ಅದರ ರಾಸಾಯನಿಕ ಸಂಯೋಜನೆ ಹೊರಗಿನ ಯಾವ ಗಾಜಿಗೂ ಹೊಂದುವುದಿಲ್ಲ. ಬೆಲೆ ಇರುವುದು ಎಲ್ಲಿ ಏನು ಅಪರೂಪ ಎಂಬುದರಲ್ಲಿ. ಕವಡೆಯನ್ನೇ ನೋಡಿ. ಮಾಲ್ಡೀವ್ಸ್‌ನಲ್ಲಿ ಒಂದು ಚಿನ್ನದ ದಿನಾರಿಗೆ 4,00,000 ಕವಡೆ ಬರುತ್ತಿತ್ತು ಎಂದು ಬರೆದ ಇಬ್ನ್ ಬತೂತಾನೇ, ಮಾಲಿಯಲ್ಲೂ ನೈಜರ್ ದಡದ ಗಾವೋ ಪಟ್ಟಣದಲ್ಲೂ ಅದೇ ದಿನಾರಿಗೆ 1,150 ಕವಡೆ ಮಾತ್ರ ಎನ್ನುತ್ತಾನೆ. ಸುಮಾರು 350 ಪಟ್ಟು ವ್ಯತ್ಯಾಸ. ನಮ್ಮ ದೃಷ್ಟಿಯಲ್ಲಿ ಇಡೀ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಗಣಿತ ಪ್ರಶ್ನೆ ಸಿಗದು.

ಕೆ2 ಆದ ಮೇಲೆ ಅದೇ ಸೀಮೆಯ ಮಾಪುಂಗುಬ್ವೆ, ಆಮೇಲೆ ಜಿಂಬಾಬ್ವೆ ಪ್ರಸ್ಥಭೂಮಿಯ ಗ್ರೇಟ್ ಜಿಂಬಾಬ್ವೆ. ಅಲ್ಲಿನ ಜನ ಬಂಡೆಯೊಳಗಿನ ಚಿನ್ನದ ಎಳೆಯನ್ನು ಹಿಂಬಾಲಿಸಿ ಇಕ್ಕಟ್ಟಾದ ಬಾವಿಗಳನ್ನು ತೋಡಿ, ಬೆಂಕಿಯಿಂದ ಬಂಡೆ ಕಾಯಿಸಿ ಒಡೆದು ಚಿನ್ನ ತೆಗೆಯುತ್ತಿದ್ದರು. ಅಂತರ್ಜಲ ಎದುರಾದರೆ ಗಣಿ ಅಲ್ಲಿಗೆ ನಿಲ್ಲುತ್ತಿತ್ತು. ಗ್ರೇಟ್ ಜಿಂಬಾಬ್ವೆಯ ದೊಡ್ಡ ಆವರಣದ ಗೋಡೆ 11 ಮೀಟರ್ ಎತ್ತರ, ಸುತ್ತಳತೆ ಸುಮಾರು 250 ಮೀಟರ್. ಗಾರೆ ಒಂದು ಬೊಗಸೆಯೂ ಇಲ್ಲ. ಹಗಲ ಬಿಸಿಲು, ಇರುಳ ಚಳಿಗೆ ಅಲ್ಲಿನ ಗ್ರಾನೈಟ್ ಗುಡ್ಡಗಳ ಮೈ ಚಪ್ಪಡಿಗಳಾಗಿ ಏಳುತ್ತದೆ. ಬೆಂಕಿ ಹಾಕಿ ನೀರು ಎರಚಿದರೆ ಇನ್ನೂ ಬೇಗ ಏಳುತ್ತದೆ. ದಪ್ಪ ಸಮನಾಗಿರುವ ಆ ಚಪ್ಪಡಿಗಳನ್ನು ಇಟ್ಟಿಗೆಯ ಗಾತ್ರಕ್ಕೆ ಒಡೆದು, ಮೇಲೆ ಹೋದಂತೆ ಗೋಡೆ ಸ್ವಲ್ಪ ಒಳಕ್ಕೆ ವಾಲುವಂತೆ ವರಸೆ ಕೂರಿಸುತ್ತಿದ್ದರು. ಅಲ್ಲಿ ಸಿಕ್ಕ ವಸ್ತುಗಳಲ್ಲಿ ಚೀನಾದ ಹಸಿರು ಪಿಂಗಾಣಿ, ಪರ್ಷಿಯಾದ ಬೋಗುಣಿ, ಕಿಲ್ವಾದ ಅದೇ ಸುಲ್ತಾನ ಅಲ್-ಹಸನ್ ಹೆಸರಿನ ತಾಮ್ರದ ನಾಣ್ಯ ಇವೆ. ಕರಾವಳಿಗೂ ಒಳನಾಡಿಗೂ ಇದ್ದ ನಂಟಿಗೆ ಆ ನಾಣ್ಯಕ್ಕಿಂತ ಸಾಕ್ಷಿ ಬೇಡ.

ಇದನ್ನು ಕಟ್ಟಿದವರು ಆಫ್ರಿಕನ್ನರಲ್ಲ, ಫಿನಿಷಿಯನ್ನರೋ ಅರಬರೋ ಇರಬೇಕು ಎಂಬ ಮಾತು ವಸಾಹತು ಕಾಲದಲ್ಲಿ ಹುಟ್ಟಿತು. 1902ರಿಂದ 1904ರವರೆಗೆ ಅಲ್ಲಿ ಉಸ್ತುವಾರಿ ನೋಡಿದ ರಿಚರ್ಡ್ ಹಾಲ್, ಆಫ್ರಿಕನ್ನರು ವಾಸಿಸಿದ ಕುರುಹುಗಳಿರುವ ಮಣ್ಣಿನ ಪದರಗಳನ್ನೇ ಕಸವೆಂದು ತೆಗೆಸಿ ಹಾಕಿದ. ಕಳೆದುಹೋದ ಆ ಪದರಗಳು ಮತ್ತೆ ಸಿಗುವಂಥವಲ್ಲ. 1905ರಲ್ಲಿ ಡೇವಿಡ್ ರ‍್ಯಾಂಡಲ್-ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಉಳಿದ ಪದರಗಳನ್ನು ಅಗೆದು ಇದು ಸ್ಥಳೀಯರದೇ ಎಂದು ತೋರಿಸಿದರು. ಆದರೂ ರೊಡೇಶಿಯಾದ (ಇಂದಿನ ಜಿಂಬಾಬ್ವೆಯ) ಬಿಳಿಯರ ಸರ್ಕಾರ 1970ರ ದಶಕದವರೆಗೂ ಹಳೆಯ ಕಥೆಯನ್ನು ಬಿಡಲಿಲ್ಲ. ಸ್ವಾಹಿಲಿ ಊರುಗಳಿಗೂ ‘ಅರಬ್ ವಸಾಹತು’ ಎಂಬ ಹೆಸರು ಅಂಟಿತ್ತು. ಕೀನ್ಯಾದ ಲಾಮು ದ್ವೀಪಸಮೂಹದ ಶಾಂಗಾದಲ್ಲಿ ಕಲ್ಲಿನ ಮಸೀದಿಯ ಕೆಳಗೆ 8ನೇ ಶತಮಾನದ ಪುಟ್ಟ ಮರದ ಮಸೀದಿ, ಸುತ್ತ ಆಫ್ರಿಕನ್ ಮಡಕೆಗಳ ಹಳ್ಳಿ ಸಿಕ್ಕಿದೆ. 2023ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್‌ಎ ಅಧ್ಯಯನದ ಪ್ರಕಾರ ಸ್ವಾಹಿಲಿ ಊರುಗಳವರ ತಾಯಂದಿರ ಕಡೆ ಬಹುತೇಕ ಆಫ್ರಿಕಾದ್ದು, ತಂದೆಯರ ಕಡೆ ಬಹಳಷ್ಟು ಪರ್ಷಿಯಾದ್ದು. ‘ಶುದ್ಧ ಆಫ್ರಿಕನ್’ ಎಂದು ಬರೆಯುವುದೂ ತಪ್ಪು, ‘ಅರಬರು ಕಟ್ಟಿದ್ದು’ ಎನ್ನುವುದು ಇನ್ನೂ ತಪ್ಪು.

ಗುಲಾಮಗಿರಿಯನ್ನು ಈ ಪಾಠದಿಂದ ಹೊರಗಿಡಬೇಡಿ. ಅದು ಯುರೋಪಿಯನ್ನರಿಂದ ಶುರುವಾದದ್ದಲ್ಲ. 1353ರಲ್ಲಿ ಇಬ್ನ್ ಬತೂತಾ ಇಂದಿನ ನೈಜರ್ ದೇಶದ ತಕೆದ್ದಾದಿಂದ ಉತ್ತರಕ್ಕೆ ಮರಳಿದ ಒಂಟೆಸಾಲಿನಲ್ಲಿ ಸುಮಾರು 600 ಹೆಣ್ಣಾಳುಗಳಿದ್ದರು. 869ರಿಂದ 883ರವರೆಗೆ ಇರಾಕಿನ ಬಸ್ರಾದ ಸುತ್ತ ನಡೆದ ಝಂಜ್ ಎಂಬ ಗುಲಾಮರ ದಂಗೆಯಲ್ಲಿ ಪೂರ್ವ ಆಫ್ರಿಕಾದಿಂದ ಒಯ್ದ ಆಳುಗಳೂ ಇದ್ದರು. ಇದನ್ನು ಹೇಳದೆ ಚಿನ್ನ, ಉಪ್ಪು, ದಂತ ಮಾತ್ರ ಹೇಳಿದರೆ ಆ ಜನರಿಗೆ ಮತ್ತೊಮ್ಮೆ ಅನ್ಯಾಯ ಮಾಡಿದಂತೆ.

ಕರಡು ತಿದ್ದುವಾಗ ಕೆಲವು ತಪ್ಪುಗಳ ಮೇಲೆ ಕಣ್ಣಿಡಿ. ಹಳೆಯ ಘಾನಾ ರಾಜ್ಯ ಇಂದಿನ ಘಾನಾ ದೇಶದಲ್ಲಿ ಇರಲಿಲ್ಲ. ಅದು ಇಂದಿನ ಮಾರಿಟೇನಿಯಾದ ಆಗ್ನೇಯ ಭಾಗ ಹಾಗೂ ಮಾಲಿಯಲ್ಲಿತ್ತು, ನಕ್ಷೆಯಲ್ಲಿ ಇದು ಪದೇ ಪದೇ ತಪ್ಪಾಗುತ್ತದೆ. ‘1076ರಲ್ಲಿ ಮುರಾಬಿತರು (ಉತ್ತರದ ಬರ್ಬರ್ ದೊರೆಗಳು) ಘಾನಾವನ್ನು ಗೆದ್ದರು’ ಎಂಬ ಖಚಿತ ವಾಕ್ಯಕ್ಕೆ ಆ ಕಾಲದವರ ದಾಖಲೆಯ ಬೆಂಬಲವಿಲ್ಲ. ಮಾತಿಲ್ಲದೆ ಸರಕಿಟ್ಟು ದೂರ ಹೋಗುವ ‘ಮೂಕ ವ್ಯಾಪಾರ’ ಹೆರೊಡೋಟಸ್‌ನ ಕಾಲದಿಂದ ಒಬ್ಬರನ್ನು ನೋಡಿ ಒಬ್ಬರು ಬರೆದುಕೊಂಡು ಬಂದ ಕಥೆ, ಅದನ್ನು ಘಾನಾದ ಚಿನ್ನದ ವ್ಯಾಪಾರದ ವಾಸ್ತವವೆಂದು ಕೊಡಬೇಡಿ. ಉತ್ತರ ಕನ್ನಡದ ಸಿದ್ದಿಗಳನ್ನು ಈ ಪಾಠಕ್ಕೆ ಜೋಡಿಸುವ ಆಸೆಯೂ ಬರಬಹುದು. ಅವರ ಹಿರಿಯರಲ್ಲಿ ಬಹಳ ಮಂದಿ ಬಂದದ್ದು ಪೋರ್ಚುಗೀಸರ ಗೋವೆಯ ಮೂಲಕ, ಅಂದರೆ ನಂತರದ ಕಾಲದಲ್ಲಿ. ಅವರ ಚರಿತ್ರೆಗೆ ಬೇರೆಯೇ ಪಾಠ ಸಲ್ಲಬೇಕು.

ಕರ್ನಾಟಕದ ನಿಜವಾದ ನಂಟು ಇದಕ್ಕಿಂತ ಬಹಳ ಹಳೆಯದು, ಅಡುಗೆಮನೆಯಲ್ಲೇ ಇದೆ. ರಾಗಿ ಮೊದಲು ಪಳಗಿದ್ದು ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ, ಜೋಳ ಪೂರ್ವ ಸುಡಾನಿನಲ್ಲಿ, ಸಜ್ಜೆ ಮಾಲಿಯ ಉತ್ತರದಲ್ಲಿ. ಅಲಸಂದೆ, ಅವರೆಗಳ ಮೂಲವೂ ಆಫ್ರಿಕಾ. ಹಾವೇರಿ ಜಿಲ್ಲೆಯ ಹಳ್ಳೂರಿನ ನವಶಿಲಾಯುಗದ ನೆಲೆಯಲ್ಲಿ ಕ್ರಿ.ಪೂ. 2ನೇ ಸಹಸ್ರಮಾನದ ಸಜ್ಜೆ ಮತ್ತು ಅವರೆಯ ಸುಟ್ಟ ಕಾಳುಗಳು ಸಿಕ್ಕಿವೆ. ಇನ್ನೊಂದು ನಂಟು ಇಬ್ನ್ ಬತೂತಾನೇ. ಕಿಲ್ವಾ ನೋಡಿದ ಅವನು 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದು, ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದದ್ದನ್ನು ಎಣಿಸಿ, ಆಮೇಲೆ ಮಾಲಿಗೆ ಹೋದ. ಕಿಲ್ವಾ, ಹೊನ್ನಾವರ, ವಲಾಟಾ ಮೂರನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಲು ಇದು ಸಾಕಷ್ಟು ಕಾರಣ.

ಪಾಠಕ್ಕೆ ಎಂಟು ಪುಟ ಕೊಟ್ಟರೆ ಸಾಲುತ್ತದೆ. ಎರಡು ನಕ್ಷೆಗಳು ಕಡ್ಡಾಯವಾಗಿರಲಿ. ಸಹಾರಾ ನಕ್ಷೆಯಲ್ಲಿ ಸಿಜಿಲ್ಮಾಸಾ, ತಗಾಝಾ, ವಲಾಟಾ, ಟಿಂಬಕ್ಟೂ, ಬೂರೆ ಇರಲಿ, ಕಿಲೋಮೀಟರಿನ ಬದಲು ದಾರಿಯ ದಿನಗಳನ್ನು ಬರೆಯಿರಿ, ಒಂಟೆ, ಕತ್ತೆ, ದೋಣಿ, ತಲೆಹೊರೆಗಳ ಗಡಿಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸಿ. ಕಡಲಿನ ನಕ್ಷೆಯಲ್ಲಿ ಗಾಳಿಯ ಬಾಣಗಳ ಮೇಲೆ ತಿಂಗಳುಗಳ ಹೆಸರು ಅಚ್ಚಾಗಲಿ. ಅಭ್ಯಾಸದ ಪ್ರಶ್ನೆಗಳಲ್ಲಿ ‘ಮಾನ್ಸಾ ಮೂಸಾ ಯಾರು’ ಎಂಬುದರ ಬದಲು ‘ಸೋಫಾಲಾದ ಚಿನ್ನವನ್ನು ಗುಜರಾತಿನ ವರ್ತಕ ನೇರವಾಗಿ ಹೋಗಿ ಏಕೆ ಕೊಳ್ಳಲಿಲ್ಲ?’ ಎಂದು ಕೇಳಿ. ಕರಡು ಸಿದ್ಧವಾದಾಗ ಊರುಗಳ ಹೆಸರಿನ ಕನ್ನಡ ಉಚ್ಚಾರ, ಇಸವಿ, ಅಳತೆಗಳನ್ನು ಸಾಲು ಸಾಲಾಗಿ ನೋಡಿ ತಿದ್ದಿಕೊಡಲು ನಾವು ಯಾವ ಸಂಭಾವನೆಯೂ ಇಲ್ಲದೆ ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿಗಳು,
ಆಫ್ರಿಕಾ ಹಾಗೂ ಹಿಂದೂ ಮಹಾಸಾಗರದ ಚರಿತ್ರೆಯನ್ನು ಕನ್ನಡದಲ್ಲಿ ಓದಿ ಬೋಧಿಸುತ್ತಿರುವ ಅಧ್ಯಾಪಕರು